ದುಬೈನಲ್ಲಿ ಬಾಡಿಗೆ ಫ್ಲಾಟು: ಏಳೂವರೆ ಪರ್ಸೆಂಟು ಮೂರೂವರೆ ಆಗುವ ಲೆಕ್ಕ

ಬೆಂಗಳೂರಿನ ಯಾವುದೋ ದೊಡ್ಡ ಹೋಟೆಲಿನಲ್ಲಿ ಈ ಶನಿವಾರ ದುಬೈ ಪ್ರಾಪರ್ಟಿ ಮೇಳ ಇದೆ ಅಂತ ಮೆಸೇಜು ಬರುತ್ತೆ ಅಲ್ವಾ, ನಾನೂ ಒಮ್ಮೆ ಹೋಗಿದ್ದೆ. ಬಿರಿಯಾನಿ ಚೆನ್ನಾಗಿತ್ತು. ಗಾಜಿನ ಪೆಟ್ಟಿಗೆಯೊಳಗೆ ಕಟ್ಟಡದ ಪುಟ್ಟ ಮಾದರಿ, ಅದರೊಳಗೆ ಲೈಟು, ಪಕ್ಕದಲ್ಲಿ ಕೋಟು ಹಾಕಿದ ಹುಡುಗ. "ತಿಂಗಳಿಗೆ ಒಂದು ಪರ್ಸೆಂಟ್ ಕಟ್ಟಿದ್ರೆ ಸಾಕು ಸಾರ್, ಬಾಡಿಗೆ ಏಳೂವರೆ ಪರ್ಸೆಂಟ್ ಬರುತ್ತೆ, ಅಲ್ಲಿ ಟ್ಯಾಕ್ಸೇ ಇಲ್ಲ" ಅಂದ. ಮೂರೂ ಮಾತು ಅರ್ಧರ್ಧ ನಿಜ. ಉಳಿದರ್ಧ ಏನು ಅನ್ನೋದು ನನಗೆ ಗೊತ್ತಾಗಿದ್ದು ಫ್ಲಾಟು ತಗೊಂಡ ಮೇಲೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇದು ಇಲ್ಲೇ ಇದ್ದು, ಇಲ್ಲೇ ಟ್ಯಾಕ್ಸ್ ಕಟ್ಟುವವರಿಗೆ. ನೀವು ಎನ್‌ಆರ್‌ಐ ಆಗಿದ್ದರೆ ದುಡ್ಡು ಕಳಿಸುವ ನಿಯಮ, ಟ್ಯಾಕ್ಸು ಎರಡೂ ಬೇರೆ.

ಲೆಕ್ಕದಿಂದಲೇ ಶುರು ಮಾಡೋಣ. ಊರು ಸುತ್ತೋದು, ಬಾಲ್ಕನಿ ನೋಡೋದು ಎಲ್ಲ ಆಮೇಲೆ. 6,00,000 ದಿರ್ಹಮ್‌ನ ಒಂದು ಸ್ಟುಡಿಯೋ, ಅಂದರೆ ಒಂದೇ ಕೋಣೆಯ ಫ್ಲಾಟು ಅಂದುಕೊಳ್ಳಿ, 450 ಚದರಡಿ, ವರ್ಷಕ್ಕೆ 45,000 ಬಾಡಿಗೆ. ಅಂದರೆ ಆ ಹುಡುಗ ಹೇಳಿದ ಏಳೂವರೆ ಪರ್ಸೆಂಟು. ಈಗ ಕೊಳ್ಳುವ ಖರ್ಚು ಸೇರಿಸಿ. ದುಬೈ ಲ್ಯಾಂಡ್ ಡಿಪಾರ್ಟ್‌ಮೆಂಟಿಗೆ ಬೆಲೆಯ ಶೇ. 4, ಅಂದರೆ 24,000. ಕಾನೂನಿನ ಪ್ರಕಾರ ಕೊಳ್ಳುವವರು, ಮಾರುವವರು ಹಂಚಿಕೊಳ್ಳಬೇಕು, ಆದರೆ ರೂಢಿಯಲ್ಲಿ ಪೂರ್ತಿ ಕೊಳ್ಳುವವನ ತಲೆಗೇ ಬರುತ್ತೆ. ಬ್ರೋಕರಿಗೆ ಶೇ. 2, ಅದರ ಮೇಲೆ ಶೇ. 5 ವ್ಯಾಟ್, 12,600. ನೋಂದಣಿ ಮಾಡುವ ಟ್ರಸ್ಟಿ ಆಫೀಸಿಗೆ 4,200. ಎನ್‌ಒಸಿ, ಟೈಟಲ್ ಡೀಡಿನ ಚಿಲ್ಲರೆ ಖರ್ಚು ಸೇರಿ ಒಟ್ಟು 42,000 ಹತ್ತಿರ. ಅಲ್ಲಿಗೆ ನಿಮ್ಮ ಫ್ಲಾಟಿನ ನಿಜವಾದ ಬೆಲೆ 6,42,000.

ಇನ್ನು ಬಾಡಿಗೆಯಲ್ಲಿ ಕಳೆಯೋಣ. ಕಟ್ಟಡದ ನಿರ್ವಹಣೆಗೆ ಕಟ್ಟುವ ಸರ್ವಿಸ್ ಚಾರ್ಜು ಚದರಡಿಗೆ ವರ್ಷಕ್ಕೆ 15 ದಿರ್ಹಮ್ ಅಂತ ಹಿಡಿದರೆ 6,750. ನೀವು ಇಲ್ಲಿರುತ್ತೀರಿ, ಅಲ್ಲಿ ನಲ್ಲಿ ಸೋರಿದರೆ ನೋಡುವ ಮ್ಯಾನೇಜ್‌ಮೆಂಟ್ ಕಂಪನಿಗೆ ಶೇ. 5, 2,250. ವರ್ಷಕ್ಕೆ ಒಂದು ತಿಂಗಳು ಖಾಲಿ ಅಂತ 3,750 ತೆಗೆದಿಡಿ. ಉಳಿದಿದ್ದು 32,250. ಐದು ಪರ್ಸೆಂಟಿಗೆ ಇಳಿಯಿತು. ಇಷ್ಟಕ್ಕೇ ನಿಲ್ಲಲ್ಲ. ದುಬೈನಲ್ಲಿ ಬಾಡಿಗೆ ಮೇಲೆ ವೈಯಕ್ತಿಕ ಟ್ಯಾಕ್ಸ್ ಇಲ್ಲ ಅನ್ನೋದು ನಿಜ, ಆದರೆ ಇಲ್ಲಿನ ನಿವಾಸಿಗೆ ಪ್ರಪಂಚದಲ್ಲಿ ಎಲ್ಲಿಂದ ಬಂದ ಆದಾಯಕ್ಕೂ ಇಲ್ಲಿ ಟ್ಯಾಕ್ಸ್ ಇದೆ. ಬಂದ ಬಾಡಿಗೆ 41,250ರಲ್ಲಿ ಶೇ. 30 ರಿಪೇರಿ ಬಾಬ್ತು ಕಡಿತ ಸಿಗುತ್ತೆ, ಸರ್ವಿಸ್ ಚಾರ್ಜನ್ನೂ ಅದರೊಳಗೇ ಅಂದುಕೊಂಡರೆ ಕ್ಷೇಮ. ಉಳಿದ 28,875ಕ್ಕೆ 30ರ ಸ್ಲ್ಯಾಬಿನಲ್ಲಿದ್ದರೆ ಸೆಸ್ ಸೇರಿ 9,000 ಹೋಯಿತು. ಕೈಗೆ ಬಂದಿದ್ದು 23,000 ಚಿಲ್ಲರೆ. ಶೇ. 3.6.

ಇದು ನೋಡಿ ಮನಸ್ಸು ಮುರಿದರೆ ಇಲ್ಲೇ ನಿಲ್ಲಿಸಿ, ತಪ್ಪಿಲ್ಲ. ನಾನು ಯಾಕೆ ತಗೊಂಡೆ ಅಂದರೆ, ದಿರ್ಹಮ್ 1997ರಿಂದ ಡಾಲರಿಗೆ 3.6725ಕ್ಕೆ ಕಟ್ಟಿಹಾಕಿದ ನಾಣ್ಯ. ಹತ್ತು ವರ್ಷದಲ್ಲಿ ರೂಪಾಯಿ ಎಷ್ಟು ಜಾರುತ್ತೆ ಅನ್ನೋದು ಮಗಳನ್ನು ಹೊರಗೆ ಓದಿಸುವ ಯೋಚನೆ ಇರುವವರಿಗೆಲ್ಲ ಗೊತ್ತು. ಹಾಗಂತ ಮನೆ ಬೆಲೆ ಏರುತ್ತಲೇ ಇರುತ್ತೆ ಅಂತ ನಂಬಬೇಡಿ. 2008ರ ಬಿಕ್ಕಟ್ಟಿನಲ್ಲಿ ದುಬೈ ಬೆಲೆ ಅರ್ಧಕ್ಕೆ ಬಂದಿತ್ತು, 2014ರ ನಂತರವೂ ಐದಾರು ವರ್ಷ ಇಳಿಯುತ್ತಲೇ ಇತ್ತು.

ದುಡ್ಡು ಕಳಿಸುವ ವಿಷಯದಲ್ಲಿ ಮಾತ್ರ ಸ್ವಲ್ಪವೂ ಚಾಲಾಕಿತನ ಬೇಡ. ಎಲ್‌ಆರ್‌ಎಸ್ ಅಂತ ರಿಸರ್ವ್ ಬ್ಯಾಂಕಿನ ದಾರಿ ಇದೆ. ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್ ಕಳಿಸಬಹುದು, ಮನೆಯವರು ಸೇರಿ ಕೊಂಡರೆ ಒಬ್ಬೊಬ್ಬರ ಮಿತಿ ಒಟ್ಟುಗೂಡಿಸಬಹುದು. ಬ್ಯಾಂಕಿನಲ್ಲಿ ಎ2 ಫಾರ್ಮು ತುಂಬಬೇಕು, ಪ್ಯಾನ್ ಬೇಕು, ಆ ಬ್ಯಾಂಕಿನಲ್ಲಿ ನಿಮ್ಮ ಅಕೌಂಟು ಒಂದು ವರ್ಷ ಹಳೆಯದಾಗಿದ್ದರೆ ತಂಟೆಯಿಲ್ಲ. ಇದಕ್ಕೆ ಇಲ್ಲಿ ಸಾಲ ಕೊಡುವಂತಿಲ್ಲ, ಸ್ವಂತ ದುಡ್ಡೇ ಆಗಬೇಕು.

ಮತ್ತೆ ಟಿಸಿಎಸ್, ಅಂದರೆ ದುಡ್ಡು ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ಮುಂಗಡ ಟ್ಯಾಕ್ಸು. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು ಶೇ. 20 ಹಿಡಿದುಕೊಳ್ಳುತ್ತೆ. ದಿರ್ಹಮ್‌ಗೆ 24 ರೂಪಾಯಿ ಅಂತ ಹಿಡಿದರೆ ಮೇಲಿನ ಸ್ಟುಡಿಯೋಗೆ 1.54 ಕೋಟಿ ಆಯಿತು, ಒಬ್ಬರೇ ಕಳಿಸಿದರೆ ಅದರ ಜೊತೆಗೆ ಟಿಸಿಎಸ್‌ಗೇ 28.8 ಲಕ್ಷ ಅಕೌಂಟಿನಲ್ಲಿರಬೇಕು. ಈ ದುಡ್ಡು ಹೋಗಿಬಿಡಲ್ಲ, ರಿಟರ್ನ್ ಹಾಕಿದಾಗ ನಿಮ್ಮ ಟ್ಯಾಕ್ಸಿಗೆ ವಜಾ ಆಗಿ ಮಿಕ್ಕಿದ್ದು ವಾಪಸ್ ಬರುತ್ತೆ. ಆದರೆ ಏಪ್ರಿಲ್‌ನಲ್ಲಿ ಕಳಿಸಿದರೆ ಮುಂದಿನ ವರ್ಷದ ಜುಲೈ ದಾಟುವ ತನಕ ಅದು ಸರ್ಕಾರದ ಹತ್ತಿರವೇ. ಫೆಬ್ರವರಿ-ಮಾರ್ಚ್‌ನಲ್ಲಿ ಕಳಿಸಿದರೆ ಕಾಯುವುದು ಕಡಿಮೆ. ಸಂಬಳದವರು ಆಫೀಸಿಗೆ ತಿಳಿಸಿ ಟಿಡಿಎಸ್‌ನಲ್ಲೂ ಹೊಂದಿಸಿಕೊಳ್ಳಬಹುದು.

ನನ್ನ ಷಡ್ಡಕ ಇಪ್ಪತ್ತು ವರ್ಷದಿಂದ ಬರ್ ದುಬೈನಲ್ಲಿದ್ದಾರೆ. "ಟಿಸಿಎಸ್ ಗಿಸಿಎಸ್ ಎಲ್ಲ ಯಾಕ್ರೀ, ಇಲ್ಲಿ ನಾನು ಕೊಡ್ತೀನಿ, ನೀವು ಅಲ್ಲಿ ನಮ್ಮಪ್ಪನ ಅಕೌಂಟಿಗೆ ಹಾಕಿಬಿಡಿ" ಅಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ವಿದೇಶಿ ವಿನಿಮಯದ ಕಾನೂನು ಫೆಮಾ ಪ್ರಕಾರ ಅದು ತಪ್ಪು, ಸಿಕ್ಕಿಬಿದ್ದರೆ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಬಹುದು. ಮೇಳದಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿ ಟೋಕನ್ ಕೊಡೋದೂ ಇದೇ ಗುಂಪಿಗೆ ಸೇರಿದ್ದು. "ತಿಂಗಳಿಗೆ ಒಂದು ಪರ್ಸೆಂಟ್" ಅನ್ನುವ ಕಂತಿನ ಸ್ಕೀಮು ಬಿಲ್ಡರ್ ಕೊಟ್ಟ ಸಾಲ ಅಂತ ಆಗಿಬಿಡುತ್ತಾ ಅನ್ನುವ ಪ್ರಶ್ನೆಯೂ ಇದೆ, ಸಹಿ ಹಾಕುವ ಮುಂಚೆ ಫೆಮಾ ಗೊತ್ತಿರುವ ಸಿಎ ಹತ್ತಿರ ಬರಹದಲ್ಲಿ ಅಭಿಪ್ರಾಯ ತಗೊಳ್ಳಿ. ಮೊದಲ ಸಲ ಕೊಳ್ಳುವವರಿಗೆ ನನ್ನ ಮಾತು ಒಂದೇ: ಕಟ್ಟಿ ಮುಗಿದ ಫ್ಲಾಟೇ ತಗೊಳ್ಳಿ. ಕಟ್ಟುತ್ತಿರುವ ಪ್ರಾಜೆಕ್ಟಿನ ದುಡ್ಡು ಎಸ್ಕ್ರೋ ಅಕೌಂಟಿಗೇ, ಅಂದರೆ ಆ ಪ್ರಾಜೆಕ್ಟಿಗೆ ಮಾತ್ರ ಮೀಸಲಾದ ಅಕೌಂಟಿಗೇ ಹೋಗಬೇಕು ಅಂತ 2007ರ ಕಾನೂನು ಇದೆ, ಒಳ್ಳೆಯದೇ, ಆದರೆ ಎಸ್ಕ್ರೋ ಅಕೌಂಟು ಬಾಡಿಗೆ ಕೊಡಲ್ಲ ಅಲ್ವಾ.

ಎಲ್ಲಿ ಕೊಳ್ಳೋದು? ನಮ್ಮವರು ಜಾಸ್ತಿ ಇರುವ ಕರಾಮ, ಬರ್ ದುಬೈ, ದೇರಾ ಕಡೆ ಬಹುಪಾಲು ಜಾಗಗಳಲ್ಲಿ ವಿದೇಶಿಯರು ಸ್ವಂತಕ್ಕೆ ಕೊಳ್ಳುವಂತಿಲ್ಲ. 2006ರ ಕಾನೂನಿನ ಪ್ರಕಾರ ಫ್ರೀಹೋಲ್ಡ್ ಅಂತ ಗುರುತಿಸಿದ ಏರಿಯಾಗಳಲ್ಲಿ ಮಾತ್ರ ಅವಕಾಶ. ದುಬೈ ಮರೀನಾ, ಬಿಸಿನೆಸ್ ಬೇ, ಇಂಟರ್‌ನ್ಯಾಷನಲ್ ಸಿಟಿ, ಎಲ್ಲರೂ ಜೆವಿಸಿ ಅನ್ನುವ ಜುಮೈರಾ ವಿಲೇಜ್ ಸರ್ಕಲ್, ಹೀಗೆ. ನೋಡುವಾಗ ಈಜುಕೊಳ ಎಷ್ಟು ದೊಡ್ಡದು ಅಂತ ಕೇಳಬೇಡಿ, ದೊಡ್ಡದಾದಷ್ಟೂ ಸರ್ವಿಸ್ ಚಾರ್ಜು ಜಾಸ್ತಿ. ಚಿಲ್ಲರ್ ಬಿಲ್ಲು ಯಾರು ಕಟ್ಟುತ್ತಾರೆ ಅಂತ ಕೇಳಿ. ಅಲ್ಲಿ ಎಷ್ಟೋ ಕಟ್ಟಡಗಳಿಗೆ ಎಸಿಯ ತಣ್ಣೀರು ಬೇರೆ ಕಂಪನಿಯಿಂದ ಪೈಪಿನಲ್ಲಿ ಬರುತ್ತೆ, ಅದಕ್ಕೆ ಬೇರೆ ಬಿಲ್ಲು. "ಚಿಲ್ಲರ್ ಫ್ರೀ" ಅಂತ ಬೋರ್ಡು ನೋಡಿದರೆ ಬಾಡಿಗೆದಾರನಿಗೆ ಫ್ರೀ, ನಿಮಗಲ್ಲ!

ಬ್ರೋಕರ್ ಕಾರ್ಡು ಅಲ್ಲಿನ ರಿಯಲ್ ಎಸ್ಟೇಟ್ ನಿಯಂತ್ರಣ ಸಂಸ್ಥೆ ರೇರಾದ್ದೇ ಅಂತ, ಟೈಟಲ್ ಡೀಡ್ ನಿಜವಾದದ್ದೇ ಅಂತ ಲ್ಯಾಂಡ್ ಡಿಪಾರ್ಟ್‌ಮೆಂಟಿನ ದುಬೈ ರೆಸ್ಟ್ ಆ್ಯಪಿನಲ್ಲೇ ನೋಡಬಹುದು. ಇಲ್ಲಿ ಖಾತೆ, ಇಸಿ ಅಂತ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅಲೆದವರಿಗೆ ಇದು ಹಬ್ಬ. ಬೆಲೆ ಒಪ್ಪಿದ ಮೇಲೆ ಫಾರ್ಮ್ ಎಫ್ ಅನ್ನುವ ಕರಾರು, ಜೊತೆಗೆ ಶೇ. 10ರ ಚೆಕ್ಕು. ಆಮೇಲೆ ಮಾರುವವರು ಸರ್ವಿಸ್ ಚಾರ್ಜು ಬಾಕಿ ತೀರಿಸಿ ಬಿಲ್ಡರಿಂದ ಎನ್‌ಒಸಿ ತರಬೇಕು. ಕೊನೆಗೆ ಟ್ರಸ್ಟಿ ಆಫೀಸು. ನಮ್ಮ ದಿನ ಟೋಕನ್ ತಗೊಂಡು ಸೋಫಾ ಮೇಲೆ ಕೂತಿದ್ದೆವು, ಮಾರುವವರು ಈಜಿಪ್ಟಿನ ಒಬ್ಬ ವಯಸ್ಸಾದ ಹೆಂಗಸು. ಕೌಂಟರಿನ ಹುಡುಗಿ ಮ್ಯಾನೇಜರ್ ಚೆಕ್ಕನ್ನು (ನಮ್ಮ ಡಿಡಿ ಥರ ಬ್ಯಾಂಕೇ ಬರೆದುಕೊಡುವ ಚೆಕ್ಕು) ಎತ್ತಿ ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರದ ಮೇಲೆ ಪೆನ್ನು ಆಡಿಸುತ್ತಾ ಹೋದಳು, ಹೆಸರಿನ ನಡುವೆ ನಿಂತಳು. ಪಾಸ್‌ಪೋರ್ಟಿನಲ್ಲಿ ಒಂದೇ ಇದ್ದ ಅಕ್ಷರ ಚೆಕ್ಕಿನಲ್ಲಿ ಎರಡು ಸಲ ಬಂದಿತ್ತು. ಮತ್ತೆ ಬ್ಯಾಂಕಿಗೆ ಹೋಗಿ, ಚೆಕ್ಕು ಬದಲಿಸಿ, ಮರುದಿನ ಬಂದೆವು. ಚೆಕ್ಕು ಬರೆಸುವ ಮುಂಚೆ ಅವರ ಪಾಸ್‌ಪೋರ್ಟ್ ಪ್ರತಿ ಎದುರಿಗಿಟ್ಟುಕೊಳ್ಳಿ. ನೀವೇ ಹೋಗಲಾಗದಿದ್ದರೆ ಪವರ್ ಆಫ್ ಅಟಾರ್ನಿ ಮಾಡಿಸಬಹುದು, ಆದರೆ ನೋಟರಿ, ವಿದೇಶಾಂಗ ಇಲಾಖೆ, ಯುಎಇ ಕಾನ್ಸುಲೇಟ್, ಅಲ್ಲಿ ಮತ್ತೊಮ್ಮೆ ಮುದ್ರೆ, ಅರಬಿ ಅನುವಾದ. ಅದಕ್ಕಿಂತ ವಿಮಾನದ ಟಿಕೆಟ್ಟೇ ಸಲೀಸು.

ಈಗ ನಾನು ಬಿದ್ದ ಹಳ್ಳ. ನನ್ನ ಫ್ಲಾಟಿನಲ್ಲಿ ಆಗಲೇ ಬಾಡಿಗೆದಾರ ಇದ್ದ, 34,000 ಕೊಡುತ್ತಿದ್ದ. ಮಾರ್ಕೆಟ್ಟಿನಲ್ಲಿ 45,000 ಇತ್ತು. "ರಿನ್ಯೂವಲ್ ಬರಲಿ, ಏರಿಸಿಕೊಳ್ಳಿ" ಅಂದ ಬ್ರೋಕರ್. ಸುಮ್ನೆ ನಂಬಿದೆ. ಅಲ್ಲಿ ಬಾಡಿಗೆ ಏರಿಸೋಕೆ 2013ರ ಒಂದು ಆದೇಶವಿದೆ. ಮಾರ್ಕೆಟ್ ದರಕ್ಕಿಂತ ಶೇ. 10ರವರೆಗೆ ಕಡಿಮೆ ಇದ್ದರೆ ಒಂದು ಪೈಸೆ ಏರಿಸುವಂತಿಲ್ಲ, 11–20 ಕಡಿಮೆ ಇದ್ದರೆ ಶೇ. 5, 21–30ಕ್ಕೆ ಶೇ. 10, 31–40ಕ್ಕೆ ಶೇ. 15, ಅದಕ್ಕಿಂತ ಕಡಿಮೆ ಇದ್ದರೆ ಶೇ. 20. ನನ್ನದು ಶೇ. 24 ಕಡಿಮೆ ಇತ್ತು, ಅಂದರೆ ಏರಿಸಬಹುದಾಗಿದ್ದು 3,400 ಮಾತ್ರ. ಅದಕ್ಕೂ ಕರಾರು ಮುಗಿಯುವ 90 ದಿನ ಮುಂಚೆ ನೋಟಿಸ್ ಕೊಡಬೇಕು. ನಾನು ಕೊಟ್ಟಿದ್ದು 70 ದಿನ ಇದ್ದಾಗ. ಅವನು ತುಂಬ ವಿನಯದಿಂದ, ನಗುವ ಚಿತ್ರ ಹಾಕಿ, ನಿಯಮದ ಲಿಂಕು ಕಳಿಸಿದ. ಇನ್ನೊಂದು ವರ್ಷ ಅದೇ 34,000.

ಬಿಡಿಸೋಣ ಅಂದರೆ ಅದೂ ಸುಲಭ ಅಲ್ಲ. ಮಾರಾಟಕ್ಕೋ ಸ್ವಂತ ವಾಸಕ್ಕೋ ಅಂತ ಕಾರಣ ಕೊಟ್ಟು, ನೋಟರಿ ಮೂಲಕ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ 12 ತಿಂಗಳ ನೋಟಿಸ್ ಕೊಡಬೇಕು, ಸ್ವಂತಕ್ಕೆ ಅಂತ ಬಿಡಿಸಿದರೆ ಎರಡು ವರ್ಷ ಬೇರೆಯವರಿಗೆ ಬಾಡಿಗೆ ಕೊಡುವಂತಿಲ್ಲ. ಬಾಡಿಗೆ ಸಾಲದು ಅನ್ನೋದು ಕಾರಣವೇ ಅಲ್ಲ. ಹಾಗಾಗಿ ಬಾಡಿಗೆದಾರ ಇರುವ ಫ್ಲಾಟಾದರೆ ಈಗಿನ ಬಾಡಿಗೆ ಮೇಲೆ ಬೆಲೆ ಚೌಕಾಶಿ ಮಾಡಿ, ಮುಂದೆ ಬರಬಹುದಾದ ಬಾಡಿಗೆ ಮೇಲಲ್ಲ. ಹೊಸ ಬಾಡಿಗೆದಾರನಿಗೆ ಕೊಡುವಾಗ ಕರಾರನ್ನು ಇಜಾರಿ ಅನ್ನುವ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಾಯಿಸಿ, ಮುಂದಿನ ತಾರೀಖಿನ ಚೆಕ್ಕುಗಳನ್ನು ಒಟ್ಟಿಗೇ ತಗೊಳ್ಳುತ್ತಾರೆ. ಒಂದೇ ಚೆಕ್ಕಾದರೆ ಬಾಡಿಗೆ ಸ್ವಲ್ಪ ಬಿಡುತ್ತಾರೆ, ನಾಲ್ಕಾದರೆ ಬಿಡಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕನಸು ಬೇಡ, ಡೆಪಾಸಿಟ್ ವರ್ಷದ ಬಾಡಿಗೆಯ ಶೇ. 5, ಸಾಮಾನು ಹಾಕಿ ಕೊಟ್ಟರೆ ಶೇ. 10.

ಬಂದ ಬಾಡಿಗೆಯನ್ನು ದುಬೈ ಅಕೌಂಟಿನಲ್ಲೇ ಬಿಟ್ಟು ಮರೆಯಬೇಡಿ, ಬೇರೆ ಕಡೆ ಹೂಡದಿದ್ದರೆ 180 ದಿನದೊಳಗೆ ಇಲ್ಲಿಗೆ ತರಬೇಕು. ಪ್ರತಿ ವರ್ಷ ರಿಟರ್ನಿನಲ್ಲಿ ವಿದೇಶದ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎ ತುಂಬಬೇಕು, ಫ್ಲಾಟು ಖಾಲಿ ಇದ್ದರೂ. ಮರೆತರೆ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡಕ್ಕೆ ದಾರಿ. ಯಲಹಂಕದ ಸೈಟು ಮಾರಿ ಆ ದುಡ್ಡಲ್ಲಿ ದುಬೈ ಮನೆ ತಗೊಂಡು ಕ್ಯಾಪಿಟಲ್ ಗೇನ್ಸ್ ಉಳಿಸೋಣ ಅಂತ ನನ್ನ ಸ್ನೇಹಿತ ಹೊರಟಿದ್ದ. ಆಗಲ್ಲ, ಆ ವಿನಾಯಿತಿ ಭಾರತದೊಳಗಿನ ಮನೆಗೆ ಮಾತ್ರ.

ಇನ್ನೊಂದು ಉಳಿಯಿತು, ವಿಲ್. ನಾವಿಲ್ಲದಾಗ ಆ ಫ್ಲಾಟು ಯಾರಿಗೆ ಅನ್ನೋದನ್ನು ಅಲ್ಲೇ ನೋಂದಾಯಿಸಿಡಬಹುದು, ಮುಸ್ಲಿಮೇತರರಿಗೆ 2015ರಿಂದ ಡಿಐಎಫ್‌ಸಿ ಅನ್ನುವ ದುಬೈನ ಹಣಕಾಸು ಕೇಂದ್ರದಲ್ಲಿ ಅದಕ್ಕೆ ವ್ಯವಸ್ಥೆ ಇದೆ. ನನ್ನ ಹೆಂಡತಿ ಇದನ್ನು ಕೇಳಿದ್ದು ಟೈಟಲ್ ಡೀಡ್ ಕೈಗೆ ಬಂದ ದಿನ, ವಾಪಸ್ ಬರುವ ಟ್ಯಾಕ್ಸಿಯಲ್ಲಿ. ನಾನು ಫಾರ್ಮು ತುಂಬಿದ್ದು ಎರಡು ವರ್ಷ ಆದ ಮೇಲೆ. ನೀವು ಆ ಟ್ರಿಪ್ಪಿನಲ್ಲೇ ಮುಗಿಸಿಕೊಂಡು ಬನ್ನಿ.