ರ್‍ಯಾಮ್ ಖಾಲಿ ಇದ್ದರೂ 12 ಎಂಬಿ ಒಟ್ಟಿಗೆ ಸಿಗದಿದ್ದಾಗ

ನಾನು ಕ್ಯಾಮೆರಾ ಡ್ರೈವರ್ ಬರೆದ ಆರ್ಮ್ ಬೋರ್ಡಿನಲ್ಲಿ 1 ಜಿಬಿ ರ್‍ಯಾಮ್ ಇತ್ತು, ಮೆಮೊರಿಯ ಚದುರಿದ ತುಂಡುಗಳನ್ನು ಡಿವೈಸ್‌ಗೆ ಒಂದೇ ಸಾಲಾಗಿ ತೋರಿಸುವ ಐಒಎಂಎಂಯು ಇರಲಿಲ್ಲ. ಹಾಗಾಗಿ ಡಿಎಂಎಗೆ (ಸಿಪಿಯು ನಡುವೆ ಬರದೆ ಡಿವೈಸ್ ನೇರ ಮೆಮೊರಿಗೆ ಬರೆಯುವುದು) ಕೊಡುವ ಬಫರ್ ರ್‍ಯಾಮ್‌ನಲ್ಲೇ ಒಂದೇ ತುಂಡಾಗಿ ಇರಬೇಕಿತ್ತು. ಕರ್ನಲ್‌ನಲ್ಲಿ ಮೆಮೊರಿ ಕೊಡುವ ವಿಮ್ಯಾಲಾಕ್ ಫಂಕ್ಷನ್ ಇಲ್ಲಿ ನಡೆಯಲ್ಲ. ಅದರ ವಿಳಾಸಗಳು ಕರ್ನಲ್‌ಗೆ ಸಾಲಾಗಿ ಕಾಣುತ್ತವೆ ಅಷ್ಟೆ, ಪೇಜುಗಳು, ಅಂದರೆ ಮೆಮೊರಿಯ 4 ಕೆಬಿ ತುಂಡುಗಳು, ಎಲ್ಲೆಲ್ಲೋ ಇರುತ್ತವೆ.

4ಕೆ ಫ್ರೇಮ್, ಪಿಕ್ಸೆಲ್ಲಿಗೆ ಒಂದೂವರೆ ಬೈಟ್ ಹಿಡಿಯುವ ಎನ್‌ವಿ12 ಫಾರ್ಮ್ಯಾಟ್: 3840 × 2160 × 1.5, ಅಂದರೆ 1,24,41,600 ಬೈಟ್. 4 ಕೆಬಿ ಲೆಕ್ಕದಲ್ಲಿ 3038 ಪೇಜು. ನಮ್ಮ ಲಿನಕ್ಸ್ ಕರ್ನಲ್‌ನ ಪೇಜು ಹಂಚುವ ಬಡ್ಡಿ ಅಲೊಕೇಟರ್ ಒಂದು ಸಲಕ್ಕೆ ಕೊಡುವುದು ಹೆಚ್ಚೆಂದರೆ 1024 ಪೇಜು, 4 ಎಂಬಿ. ಅದೂ ಬೋರ್ಡ್ ಆಗಷ್ಟೇ ಆನ್ ಆಗಿದ್ದರೆ. ಬ್ರೌಸರ್ ಸ್ವಲ್ಪ ಹೊತ್ತು ಓಡಿದ ಮೇಲೆ ಪ್ರಾಕ್‌ನಲ್ಲಿ ಖಾಲಿ ತುಂಡುಗಳ ಎಣಿಕೆ ತೋರಿಸುವ ಬಡ್ಡಿಇನ್ಫೊ ಫೈಲ್ ತೆರೆದರೆ ಎಡಗಡೆ, ಬಿಡಿ ಪೇಜುಗಳ ಕಾಲಮ್ಮಿನಲ್ಲಿ, ಸಾವಿರಾರು. ಬಲತುದಿಯಲ್ಲಿ, ದೊಡ್ಡ ತುಂಡುಗಳ ಕಾಲಮ್ಮಿನಲ್ಲಿ, ಬರೀ ಸೊನ್ನೆ.

ಬೂಟ್ ಆಗುವಾಗಲೇ ಜಾಗವನ್ನು ಪೂರ್ತಿ ಬೇಲಿ ಹಾಕಿಡಬಹುದು. ಆದರೆ ಕ್ಯಾಮೆರಾ ಆಫ್ ಇದ್ದಾಗಲೂ ಅದು ಯಾರಿಗೂ ಸಿಗಲ್ಲ. 2012ರಲ್ಲಿ ಲಿನಕ್ಸ್ 3.5ಕ್ಕೆ ಬಂದ ಸಿಎಂಎ (ಕಂಟಿಗ್ಯುವಸ್ ಮೆಮೊರಿ ಅಲೊಕೇಟರ್) ಇದಕ್ಕೇ ಇರುವುದು. ಬೋರ್ಡಿನ ಹಾರ್ಡ್‌ವೇರನ್ನು ಕರ್ನಲ್‌ಗೆ ವಿವರಿಸುವ ಡಿವೈಸ್ ಟ್ರೀಯ ರಿಸರ್ವ್ಡ್-ಮೆಮೊರಿ ನೋಡಿನಲ್ಲಿ 'ರಿಯೂಸಬಲ್' ಅಂತ ಬರೆದರೆ, ಅಲ್ಲಿಂದ ಎಬ್ಬಿಸಬಹುದಾದ ಪೇಜುಗಳು ಕ್ಯಾಮೆರಾಗೆ ಬೇಕಾಗುವವರೆಗೆ ಆ ಜಾಗ ಬಳಸುತ್ತವೆ. ಡ್ರೈವರ್ ಕೇಳಿದಾಗ ಕರ್ನಲ್ ಅವನ್ನು ಬೇರೆ ಕಡೆ ಸಾಗಿಸುತ್ತದೆ.

ಎಷ್ಟು ಇಡಬೇಕು? ಸಿಎಂಎ ನಮ್ಮಲ್ಲಿ ದೊಡ್ಡ ತುಂಡುಗಳನ್ನು 1 ಎಂಬಿ ಗಡಿಗೆ ಹೊಂದಿಸುತ್ತಿತ್ತು. ಒಂದು ಫ್ರೇಮಿಗೆ 12 ಎಂಬಿ, ನಾಲ್ಕು ಬಫರಿಗೆ 48. ಫುಲ್ ಎಚ್‌ಡಿ ಡಿಸ್‌ಪ್ಲೇಗೆ 8 ಎಂಬಿಯ ಎರಡು, 16. ಸರಿಯಾಗಿ 64! ಲೆಕ್ಕ ಇಷ್ಟು ಚಂದ ಕೂಡಿ ಬಂದರೇ ನನಗೆ ಅನುಮಾನ. ಅದೇ ಪೂಲಿನಿಂದ ಬೇರೆ ಡ್ರೈವರುಗಳೂ ತಗೊಳ್ಳುತ್ತವೆ ಅಲ್ವಾ? 96 ಇಟ್ಟೆ.

ಆಮೇಲೂ ಒಮ್ಮೊಮ್ಮೆ ಲಾಗ್‌ನಲ್ಲಿ 'ಪಿಎಫ್‌ಎನ್ಸ್ ಬಿಝಿ' ಬರುತ್ತಿತ್ತು. ಯಾವುದೋ ಪೇಜನ್ನು ಯಾರೋ ಪಿನ್ ಮಾಡಿಕೊಂಡಿದ್ದಾರೆ, ಅದು ಏಳಲ್ಲ. ಸಿಎಂಎ ಮುಂದಿನ ಜಾಗ ಹುಡುಕುತ್ತದೆ. ಸಿಕ್ಕರೂ ತಡ, ಸಾಗಿಸುವ ಕೆಲಸ ಪುಕ್ಕಟೆ ಆಗಲ್ಲ. ಕ್ಯಾಮೆರಾ ತೆರೆದಾಗ ಕೇಳುವುದನ್ನು ಬಿಟ್ಟು, ಬೂಟ್ ಆಗುವಾಗ ಕ್ಯಾಮೆರಾ ಕಂಡ ಕೂಡಲೇ ಓಡುವ ಡ್ರೈವರಿನ ಪ್ರೋಬ್‌ನಲ್ಲೇ ನಾಲ್ಕೂ ಬಫರ್ ತಗೊಂಡು ಹಿಡಿದಿಟ್ಟುಕೊಂಡೆ. ಆಗ ಪೂಲ್ ಇನ್ನೂ ಖಾಲಿ, ಯಾರನ್ನೂ ಎಬ್ಬಿಸಬೇಕಾಗಿಲ್ಲ.

ಹಾಗಿದ್ರೆ ಸುಮ್ನೆ ಬೇಲಿ ಹಾಕಿದ್ದರೆ ಆಗಿತ್ತಲ್ಲ ಅಂತ ಟೀಮಿನಲ್ಲಿ ಕೇಳಿದರು. ಅದೇ ಸಾಫ್ಟ್‌ವೇರ್ ಇಮೇಜು ಕ್ಯಾಮೆರಾ ಇಲ್ಲದ ಮಾಡೆಲ್ಲಿಗೂ ಹೋಗುತ್ತಿತ್ತು. ಅಲ್ಲಿ ಪ್ರೋಬೇ ಆಗಲ್ಲ. ಆ 48 ಎಂಬಿ ಬ್ರೌಸರಿಗೇ ಉಳಿಯುತ್ತದೆ.