ಗಿರಾಕಿಯ ಮೇಲೆ ಕೇಸು ನಿಲ್ಲಬೇಕಾದರೆ

ವೇಶ್ಯಾವಾಟಿಕೆ ನಡೆಯುವ ಲಾಡ್ಜ್ ಮೇಲೋ ಬಾಡಿಗೆ ಮನೆ ಮೇಲೋ ದಾಳಿ ಆದ ಮಾರನೇ ದಿನ ಪತ್ರಿಕೆಯಲ್ಲಿ ಬರುವ ಸಾಲು ಎಲ್ಲರಿಗೂ ಬಾಯಿಪಾಠ: ಇಷ್ಟು ಮಂದಿ ಮಹಿಳೆಯರ ರಕ್ಷಣೆ, ಇಬ್ಬರು ಪಿಂಪ್‌ಗಳ ಬಂಧನ. ದುಡ್ಡು ತಂದುಕೊಟ್ಟ ಗಿರಾಕಿ ಆ ಸಾಲಿನಲ್ಲಿ ಇರುವುದಿಲ್ಲ. ಎಫ್‌ಐಆರ್‌ನಲ್ಲಿ ಇದ್ದರೂ ಹೈಕೋರ್ಟಿಗೆ ಹೋಗಿ ಹೆಸರು ತೆಗೆಸಿಕೊಂಡು ಬರುತ್ತಾನೆ. ಕಾನೂನೇ ಹಾಗಿದೆ ಎಂದು ಕೈಚೆಲ್ಲುವುದು ಸುಲಭ. ಅದು ಅರ್ಧ ನಿಜ. ಇನ್ನರ್ಧ ತಪ್ಪು ನಾವು ಪೊಲೀಸರು ಸ್ಥಳದಲ್ಲೇ ಸಾಕ್ಷಿಗಳ ಮುಂದೆ ಬರೆಯುವ ಮಹಜರಿನಲ್ಲಿದೆ.

1956ರ ಅನೈತಿಕ ವ್ಯವಹಾರ ತಡೆ (ಐಟಿಪಿ) ಕಾಯ್ದೆಯಲ್ಲಿ ಹಣ ಕೊಟ್ಟು ಹೋಗುವುದೇ ಅಪರಾಧ ಎಂದು ನೇರವಾಗಿ ಎಲ್ಲೂ ಬರೆದಿಲ್ಲ. ಕಲಂ 3 ವೇಶ್ಯಾಗೃಹ ನಡೆಸುವವನಿಗೆ, 4 ಆ ದುಡಿಮೆಯಲ್ಲಿ ಬದುಕುವವನಿಗೆ, 5 ಹೆಂಗಸರನ್ನು ಕರೆತಂದು ಈ ಕೆಲಸಕ್ಕೆ ಹಚ್ಚುವವನಿಗೆ. ಈ ಮೂರನ್ನೂ ಹಳೇ ಎಫ್‌ಐಆರ್‌ನಿಂದ ನಕಲು ಮಾಡಿ ಗಿರಾಕಿಗೂ ಅಂಟಿಸಿದರೆ ಅವನ ವಕೀಲರಿಗೆ ಕೆಲಸವೇ ಉಳಿಯುವುದಿಲ್ಲ. ಕರ್ನಾಟಕ ಹೈಕೋರ್ಟ್ ಇಂಥ ಕೇಸುಗಳನ್ನು ಒಂದರ ಮೇಲೊಂದು ರದ್ದು ಮಾಡಿದೆ. ಕೇರಳ ಹೈಕೋರ್ಟ್ 2025ರಲ್ಲಿ ಈ ಕೆಲಸಕ್ಕೆ ಪ್ರೇರೇಪಿಸುವುದನ್ನು ಶಿಕ್ಷಿಸುವ ಕಲಂ 5(1)(ಡಿ) ಗಿರಾಕಿಗೂ ತಗಲುತ್ತದೆ ಎಂದಿದೆ, ನಿಜ. ಆದರೆ ನಮ್ಮ ಕೋರ್ಟುಗಳ ಮುಂದೆ ಅದೊಂದನ್ನೇ ನೆಚ್ಚಿಕೊಂಡು ಹೋಗಬಾರದು.

ಗಿರಾಕಿಗೆ ನಿಜವಾಗಿ ತಗಲುವ ಮೊದಲ ಕಲಂ 7(1). ದೇವಸ್ಥಾನ, ಶಾಲೆ, ಆಸ್ಪತ್ರೆಯಂಥ ಜಾಗದಿಂದ 200 ಮೀಟರ್ ಒಳಗೆ ನಡೆದರೆ ಹೆಂಗಸಿನ ಜೊತೆಗೆ ‘ಯಾರೊಂದಿಗೆ ನಡೆಯಿತೋ ಆ ವ್ಯಕ್ತಿ’ಗೂ ಮೂರು ತಿಂಗಳವರೆಗೆ ಶಿಕ್ಷೆ. ಶಿಕ್ಷೆ ಸಣ್ಣದು. ಮೇಲಾಗಿ ಇದನ್ನು ಹಾಕಿದರೆ ಹೆಂಗಸೂ ಆರೋಪಿ ಆಗಿಬಿಡುತ್ತಾಳೆ. ನೊಂದವಳು ಎಂದು ಮಹಜರಿನಲ್ಲಿ ಬರೆದು, ಅದೇ ಕೈಯಲ್ಲಿ ಅವಳನ್ನು ಆರೋಪಿ ಮಾಡಿದರೆ ಮುಂದೆ ಅವಳಿಂದ ಹೇಳಿಕೆ ಬರುವುದಿಲ್ಲ. ಹಾಗಾಗಿ ಇದನ್ನು ನಾವು ಕಡಿಮೆ ಬಳಸುತ್ತೇವೆ. ಬಳಸಲೇಬೇಕಾದರೆ ‘ಸಮೀಪದಲ್ಲಿ ಶಾಲೆ ಇದೆ’ ಎಂದರೆ ಸಾಲದು. ಟೇಪ್ ಹಿಡಿದು ಅಳೆದು, ಎಲ್ಲಿಂದ ಎಲ್ಲಿಗೆ ಅಳೆದೆವೆಂದು ನಕ್ಷೆಯಲ್ಲಿ ಗುರುತು ಮಾಡಿ, ಪಂಚರ, ಅಂದರೆ ಮಹಜರಿನ ಸಾಕ್ಷಿಗಳ, ಸಹಿ ಹಾಕಿಸಬೇಕು.

ಗಟ್ಟಿ ಕಲಂ ಎಂದರೆ ಭಾರತೀಯ ನ್ಯಾಯ ಸಂಹಿತೆಯ 144, ಹಿಂದಿನ ಐಪಿಸಿ 370ಎ. ಸಾಗಾಟ ಮಾಡಿ ತಂದ ವ್ಯಕ್ತಿ ಎಂದು ತಿಳಿದಿದ್ದು, ಅಥವಾ ಹಾಗೆ ನಂಬಲು ಕಾರಣವಿದ್ದೂ ಲೈಂಗಿಕವಾಗಿ ಬಳಸಿಕೊಂಡವನಿಗೆ ಮೂರರಿಂದ ಏಳು ವರ್ಷ, ಮಗು ಆಗಿದ್ದರೆ ಐದರಿಂದ ಹತ್ತು ವರ್ಷ. ಇಡೀ ಕೇಸು ನಿಂತಿರುವುದು ‘ನಂಬಲು ಕಾರಣ’ ಎಂಬ ಎರಡು ಪದದ ಮೇಲೆ. ಮಗು ಸಿಕ್ಕಿದರೆ ಪೋಕ್ಸೊ ಹೇಗೂ ಬರುತ್ತದೆ. ಬಹಳ ಜನ ಮರೆಯುವುದು ಐಟಿಪಿ ಕಲಂ 6(2): ವೇಶ್ಯಾಗೃಹದಲ್ಲಿ ಹದಿನಾರು ತುಂಬದ ಮಗುವಿನ ಜೊತೆ ಸಿಕ್ಕಿದವನು ಅವಳನ್ನು ಅಲ್ಲಿ ಕೂಡಿಹಾಕಿದವನೆಂದೇ ಕಾನೂನು ಊಹಿಸುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊಣೆ ಅವನದು, ಶಿಕ್ಷೆ ಕನಿಷ್ಠ ಏಳು ವರ್ಷ. ವಯಸ್ಸಿಗೆ ಮೊದಲು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ, ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. ಈ ಕ್ರಮ ತಪ್ಪಿದರೆ ಅದೇ ಎದುರು ವಕೀಲರ ಮೊದಲ ಪ್ರಶ್ನೆ.

‘ನಂಬಲು ಕಾರಣ’ ಎಲ್ಲಿ ಸಿಗುತ್ತದೆ? ಗಿರಾಕಿಯ ಮೊಬೈಲಿನಲ್ಲಿ, ದಲ್ಲಾಳಿಯ ಜೊತೆ ಆಡಿದ ಚಾಟ್‌ನಲ್ಲಿ. ‘ಹೊಸಬಳಾ?’, ‘ಯಾವ ರಾಜ್ಯದವಳು?’, ‘ವಯಸ್ಸೆಷ್ಟು, ಇನ್ನೂ ಚಿಕ್ಕವಳಿಲ್ಲವಾ?’ ಎಂದು ಅವನೇ ಕೇಳಿರುತ್ತಾನೆ. ಅತ್ತಲಿಂದ ‘ಹೊರಗೆ ಬಿಡಲ್ಲ, ರೂಮಿಗೇ ಬರಬೇಕು’ ಎಂಬ ಉತ್ತರ ಬಂದಿರುತ್ತದೆ. ಈ ನಾಲ್ಕು ಸಾಲು ಸಿಕ್ಕರೆ 144ರ ಬೆನ್ನೆಲುಬು ಸಿಕ್ಕಂತೆ. ಇಷ್ಟಾದರೂ ಎಷ್ಟೋ ದಾಳಿಗಳಲ್ಲಿ ದಲ್ಲಾಳಿಯ ಫೋನ್ ಮಾತ್ರ ಜಪ್ತಿ ಆಗುತ್ತದೆ. ಗಿರಾಕಿಯ ಫೋನ್ ಅವನ ಕೈಗೇ ವಾಪಸು, ಮನೆಗೆ ತಲುಪುವಷ್ಟರಲ್ಲಿ ಚಾಟ್ ಅಳಿಸಿ ಹೋಗಿರುತ್ತದೆ.

ಫೋನ್ ಕೈಗೆ ಬಂದ ಕೂಡಲೇ ಏರೋಪ್ಲೇನ್ ಮೋಡ್‌ಗೆ ಹಾಕಿ, ಐಎಂಇಐ ಸಂಖ್ಯೆ ಮಹಜರಿನಲ್ಲಿ ಬರೆದು, ಅಲ್ಲೇ ಸೀಲ್ ಮಾಡುತ್ತೇವೆ. ಠಾಣೆಗೆ ತಂದ ಮೇಲೆ ತೆರೆದು ‘ಸುಮ್ಮನೆ ನೋಡುವ’ ಚಪಲ ಎಲ್ಲರಿಗೂ ಇರುತ್ತದೆ. ಆ ಐದು ನಿಮಿಷ ಕೇಸನ್ನು ಮುಳುಗಿಸುತ್ತದೆ. ಪ್ರಯೋಗಾಲಯದ ಪ್ರತಿ, ಅದನ್ನು ತಿದ್ದಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯ, ಡಿಜಿಟಲ್ ದಾಖಲೆಗೆ ಬೇಕಾದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರದ ಎರಡೂ ಭಾಗ ಇಲ್ಲದೆ ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿದರೆ ಅದು ಬರೀ ಕಾಗದ. ಯುಪಿಐ ಪಾವತಿ ಇದ್ದರೆ ಹನ್ನೆರಡು ಅಂಕಿಯ ವ್ಯವಹಾರ ಸಂಖ್ಯೆ ಬರೆದುಕೊಂಡು ಬ್ಯಾಂಕಿಗೆ ನೋಟಿಸ್ ಕೊಡಬೇಕು. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಪಕ್ಕದ ಅಂಗಡಿಯವನ ಖಾತೆಯದಾಗಿರುವುದೂ ಉಂಟು, ಆಗ ಅವನೂ ವಿಚಾರಣೆಗೆ ಬರುತ್ತಾನೆ.

ದಾಳಿಯ ತಯಾರಿಯಲ್ಲೇ ಕೇಸು ಸೋಲುವುದು ಹೆಚ್ಚು. ಐಟಿಪಿ ಕಲಂ 13ರ ವಿಶೇಷ ಪೊಲೀಸ್ ಅಧಿಕಾರಿ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇರುವಂತಿಲ್ಲ. ತನಿಖೆಯನ್ನೂ ಅವರೇ ಮಾಡಬೇಕೆಂದು ಸುಪ್ರೀಂ ಕೋರ್ಟ್ ಅರುವತ್ತರ ದಶಕದ ಆರಂಭದಲ್ಲೇ ರಾಮ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆದರೂ ‘ಸಾಹೇಬರು ಮೀಟಿಂಗ್‌ನಲ್ಲಿದ್ದರು’ ಎಂದು ಪಿಎಸ್‌ಐ ಹೋಗಿ ದಾಳಿ ಮಾಡಿ ಬರುವುದು ನಿಂತಿಲ್ಲ. ವಾರಂಟ್ ಇಲ್ಲದೆ ಹೋಗುವುದಾದರೆ ಕಾರಣವನ್ನು ಹೊರಡುವ ಮುಂಚೆ ಬರೆದಿಡಬೇಕು. ಬಾತ್ಮಿ ಬಂದ ಗಂಟೆ, ಠಾಣಾ ಡೈರಿಯಲ್ಲಿ ಬರೆದ ಗಂಟೆ, ಜೀಪು ಹೊರಟ ಗಂಟೆ ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ವಾಪಸು ಬಂದು ಬರೆದ ಕಾರಣಕ್ಕೆ ಶಾಯಿ ಒಣಗುವ ಮುಂಚೆ ಗುಟ್ಟು ಬಯಲಾಗುತ್ತದೆ, ಏಕೆಂದರೆ ಒಳಗೆ ಏನು ಸಿಕ್ಕಿತೆಂಬುದು ಅದರಲ್ಲಿ ನುಸುಳಿಬಿಟ್ಟಿರುತ್ತದೆ.

ಪಂಚರು ಕನಿಷ್ಠ ಇಬ್ಬರು, ಆ ಬಡಾವಣೆಯವರೇ, ಒಬ್ಬರಾದರೂ ಹೆಂಗಸು. ಹೆಂಗಸು ಬೇರೆ ಬಡಾವಣೆಯವರಾದರೆ ತೊಂದರೆಯಿಲ್ಲ. ಠಾಣೆ ಎದುರಿನ ಟೀ ಅಂಗಡಿಯವನನ್ನೇ ಪ್ರತಿ ಸಲ ಪಂಚ ಮಾಡಿದರೆ ಅವನು ಸಹಿ ಮಾಡಿದ ಹತ್ತು ಮಹಜರುಗಳ ಪಟ್ಟಿ ಎದುರು ವಕೀಲರ ಕೈಯಲ್ಲಿರುತ್ತದೆ. ತಂಡದಲ್ಲಿ ಇಬ್ಬರು ಮಹಿಳಾ ಪೊಲೀಸರು ಇರಲೇಬೇಕು. ಡಿಕಾಯ್, ಅಂದರೆ ಗಿರಾಕಿಯ ವೇಷದಲ್ಲಿ ಹೋಗುವ ಸಿಬ್ಬಂದಿಗೆ ಕೊಡುವ ನೋಟುಗಳ ನಂಬರ್ ಮೊದಲೇ ಬರೆದು, ಹಣ ಕೈ ಬದಲಾದ ಕ್ಷಣಕ್ಕೆ ಮಿಸ್ಡ್ ಕಾಲ್. ಅದರಾಚೆಗೆ ಅವನು ಒಂದು ಹೆಜ್ಜೆಯನ್ನೂ ಇಡಬಾರದು.

ಶೋಧವನ್ನು ಈಗ ವಿಡಿಯೊ ಮಾಡಲೇಬೇಕು, ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105ರಂತೆ. ಕ್ಯಾಮೆರಾ ಹಿಡಿದವನಿಗೆ ಮೊದಲೇ ಹೇಳಿರಬೇಕು: ವಸ್ತು, ಹಣ, ರಿಜಿಸ್ಟರ್, ಪಂಚರು ಸಹಿ ಮಾಡುವುದು ಕಾಣಲಿ, ಹೆಂಗಸರ ಮುಖ ಬೇಡ. ಗಿರಾಕಿಗಳನ್ನು ಸಾಲಾಗಿ ನಿಲ್ಲಿಸಿ ಟಿವಿಯವರನ್ನು ಕರೆಯುವ ಚಾಳಿಗೂ ನಾವು ವಿರೋಧ. ಅದರಿಂದ ಬೇಡಿಕೆ ಕಡಿಮೆಯಾಗಿದ್ದನ್ನು ಕಂಡಿಲ್ಲ. ಹಿಂದೆ ಮುಖ ಮುಚ್ಚಿಕೊಂಡು ನಿಂತ ಹೆಂಗಸಿನ ದುಪಟ್ಟಾ ನೋಡಿ ಊರಿನವರು ಗುರುತು ಹಿಡಿದದ್ದು ಮಾತ್ರ ಉಂಟು. 2022ರ ಮೇ 19ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಸ್ವಂತ ಇಚ್ಛೆಯಿಂದ ಈ ಕೆಲಸದಲ್ಲಿರುವ ವಯಸ್ಕ ಹೆಂಗಸರನ್ನು ದಾಳಿಯಲ್ಲಿ ಬಂಧಿಸಬಾರದು, ದಂಡ ಹಾಕಬಾರದು, ಕಾಂಡೋಮ್‌ಗಳನ್ನು ಅಪರಾಧದ ಸಾಕ್ಷ್ಯವಾಗಿ ಬಳಸಬಾರದು ಎಂದಿದೆ. ಹಳೇ ಮಹಜರಿನ ನಮೂನೆಯಲ್ಲಿ ‘ನಿರೋಧ್ ಪ್ಯಾಕೆಟ್‌ಗಳು’ ಎಂಬ ಸಾಲು ಅಚ್ಚಾಗಿಯೇ ಇರುತ್ತದೆ. ಮೊದಲು ಅದನ್ನು ಹೊಡೆದುಹಾಕಿ.

ಗಿರಾಕಿಗಿಂತ ದೊಡ್ಡ ಮೀನು ಕಟ್ಟಡದ ಮಾಲೀಕ. ‘ನನಗೆ ಗೊತ್ತೇ ಇರಲಿಲ್ಲ, ಬಾಡಿಗೆ ಬರ್ತಿತ್ತು ಅಷ್ಟೇ’ ಎಂಬ ಮಾತಿಗೆ ಐಟಿಪಿ ಕಲಂ 3(2ಎ)ಯಲ್ಲಿ ಮದ್ದಿದೆ. ಶೋಧದಲ್ಲಿ ಸಿಕ್ಕ ವಸ್ತುಗಳ ಪಟ್ಟಿಯ ಪ್ರತಿಯನ್ನು ಅವನಿಗೆ ಕೊಟ್ಟರೆ ಸಾಕು, ಅವನಿಗೆ ಗೊತ್ತಿದ್ದೇ ನಡೆಯುತ್ತಿದೆ ಎಂಬ ಊಹೆ ಹುಟ್ಟುತ್ತದೆ. ಒಂದು ಹಾಳೆ, ಸ್ವೀಕೃತಿಯ ಸಹಿ, ದಿನಾಂಕ. ಇದಕ್ಕಿಂತ ಅಗ್ಗದ ಅಸ್ತ್ರ ಈ ಕಾಯ್ದೆಯಲ್ಲಿಲ್ಲ. ಅದರ ಬೆನ್ನಿಗೇ ಕಲಂ 18ರಡಿ ಮ್ಯಾಜಿಸ್ಟ್ರೇಟರಿಗೆ ವರದಿ: ಜಾಗ ಆ 200 ಮೀಟರ್ ಒಳಗಿದ್ದರೆ ಏಳು ದಿನದ ಕಾರಣ ಕೇಳುವ ನೋಟಿಸ್, ನಂತರ ತೆರವು. ಆಮೇಲೆ ಒಂದು ವರ್ಷ, ಮಗು ಅಥವಾ ಅಪ್ರಾಪ್ತೆ ಸಿಕ್ಕಿದ್ದರೆ ಮೂರು ವರ್ಷ, ಮ್ಯಾಜಿಸ್ಟ್ರೇಟರ ಒಪ್ಪಿಗೆ ಇಲ್ಲದೆ ಬಾಡಿಗೆಗೆ ಕೊಡುವಂತಿಲ್ಲ. ಗಿರಾಕಿ ಮೂರು ತಿಂಗಳ ಶಿಕ್ಷೆಗೆ ಹೆದರಲಾರ, ಮಾಲೀಕ ವರ್ಷದ ಬಾಡಿಗೆ ಹೋಗುತ್ತದೆಂದರೆ ಖಂಡಿತ ಹೆದರುತ್ತಾನೆ.

ಲಾಡ್ಜ್ ಆದರೆ ರಿಜಿಸ್ಟರ್ ಅಲ್ಲೇ ತಿರುವಿ ನೋಡಿ. ಒಂದೇ ಕೈಬರಹ, ಒಂದೇ ಪೆನ್ನು, ‘ಕೆಲಸದ ನಿಮಿತ್ತ’ ಎಂದು ಪುಟದುದ್ದಕ್ಕೂ ಒಂದೇ ಕಾರಣ, ಎರಡು ಗಂಟೆಗೆ ಖಾಲಿಯಾದ ಅದೇ ರೂಮು ಸಂಜೆಯೊಳಗೆ ಮೂರು ಸಲ ಭರ್ತಿ. ಸಿಸಿಟಿವಿ ದೃಶ್ಯ ದಾಖಲಾಗುವ ಡಿವಿಆರ್ ಪೆಟ್ಟಿಗೆ ಅವತ್ತೇ ಜಪ್ತಿ ಮಾಡಬೇಕು, ಹದಿನೈದು ದಿನದಲ್ಲೋ ತಿಂಗಳಲ್ಲೋ ಹಳೇ ದೃಶ್ಯದ ಮೇಲೆ ಹೊಸದು ಕೂರುತ್ತದೆ. ಡಿವಿಆರ್ ಗಡಿಯಾರ ನಿಜ ಸಮಯಕ್ಕಿಂತ ಎಷ್ಟು ನಿಮಿಷ ಮುಂದೆ ಅಥವಾ ಹಿಂದೆ ಇದೆ ಎಂದೂ ಮಹಜರಿನಲ್ಲಿ ಬರೆಯಿರಿ. ಇಲ್ಲದಿದ್ದರೆ ದಾಳಿಗೆ ಮುಂಚೆಯೇ ಪೊಲೀಸರು ಒಳಗಿದ್ದಂತೆ ದೃಶ್ಯ ತೋರಿಸುತ್ತದೆ.

ಮೂರು ತಿಂಗಳಾದ ಮೇಲೆ ಕಡತದಿಂದ ದಲ್ಲಾಳಿಯ ನಂಬರುಗಳನ್ನು ತೆಗೆದು ಇಂಟರ್ನೆಟ್ ಜಾಹೀರಾತುಗಳಲ್ಲಿ ಮತ್ತೆ ಹುಡುಕುತ್ತೇವೆ. ಜಾಹೀರಾತಿನ ಫೋಟೊ ಅದೇ ಇದ್ದು ನಂಬರ್ ಬದಲಾಗಿದ್ದರೆ ದಂಧೆ ಜಾಗ ಬದಲಿಸಿದೆ ಎಂದರ್ಥ. ಫೋಟೊ ಬೇರೆಯಾಗಿ ನಂಬರ್ ಅದೇ ಇದ್ದರೆ ಬಹುಪಾಲು ಮುಂಗಡ ಹಾಕಿಸಿಕೊಂಡು ಬ್ಲಾಕ್ ಮಾಡುವ ಮೋಸ, ಅದು ಸೈಬರ್ ಠಾಣೆಯ ಕೆಲಸ. ಮೊದಲನೆಯದಾದರೆ ಹೊಸ ವಿಳಾಸದ ಮಾಲೀಕ ಯಾರೆಂದು ಆಸ್ತಿ ತೆರಿಗೆ ದಾಖಲೆಯಲ್ಲಿ ನೋಡಬೇಕು. ಹಳೇ ಮಾಲೀಕನ ಹೆಸರೇ ಬಂದರೆ, ಸಹಿ ಮಾಡಿಸಿಕೊಂಡ ಆ ಪಟ್ಟಿಯ ಪ್ರತಿ ಕಡತದಲ್ಲಿ ಇದೆಯಲ್ಲ.