ಮಂಗಳ ಸೂರ್ಯನ ಹಿಂದೆ ಹೋದಾಗ ನಾನು ಮಾಡುವ ಕೆಲಸ

ಮಂಗಳದ ಮೇಲೆ ಓಡಾಡುವ ಕ್ಯೂರಿಯಾಸಿಟಿ ಮತ್ತು ಪರ್ಸಿವಿಯರೆನ್ಸ್ ರೋವರ್‌ಗಳ ಚಿತ್ರಗಳನ್ನು ನಾಸಾ ತಿದ್ದದೆ, ಬಂದ ಹಾಗೇ ಎಲ್ಲರಿಗೂ ಬಿಡುತ್ತದೆ. ಅವನ್ನು ಇಳಿಸಿಕೊಂಡು, ತುಂಡುಗಳನ್ನು ಜೋಡಿಸಿ, ಅಗಲವಾದ ಒಂದು ನೋಟ ಮಾಡುವುದು ನನ್ನ ಹವ್ಯಾಸ. ಸುಮಾರು 26 ತಿಂಗಳಿಗೊಮ್ಮೆ ಈ ಚಿತ್ರಗಳು ನಿಂತುಹೋಗುತ್ತವೆ. ಭೂಮಿ ಒಂದು ಕಡೆ, ಮಂಗಳ ಇನ್ನೊಂದು ಕಡೆ, ನಡುವೆ ಸೂರ್ಯ.

ಸೂರ್ಯನ ಸುತ್ತ ಹರಡಿರುವ ಕರೋನಾ, ಅಂದರೆ ಬಿಸಿ ಅನಿಲದ ಹೊದಿಕೆ, ರೇಡಿಯೋ ಸಂಕೇತವನ್ನು ಕಲಕಿಬಿಡುತ್ತದೆ. ಚಿತ್ರದ ಒಂದು ತುಂಡು ಕಳೆದುಹೋದರೆ ಅಂಥ ನಷ್ಟವೇನಿಲ್ಲ. ಆದರೆ ಭೂಮಿಯಿಂದ ಹೋದ ಆಜ್ಞೆ ಅರ್ಧಂಬರ್ಧ ತಲುಪಿದರೆ ರೋವರ್‌ಗೇ ಅಪಾಯ. ಅದಕ್ಕೇ ಆ ದಿನಗಳಲ್ಲಿ ಆಜ್ಞೆ ಕಳಿಸುವುದನ್ನೇ ನಿಲ್ಲಿಸುತ್ತಾರೆ. 2023ರಲ್ಲಿ ನವೆಂಬರ್ 11ರಿಂದ 25ರವರೆಗೆ ಹೀಗಾಯಿತು. 2015ರ ಜೂನ್‌ನಲ್ಲಿ ಇಸ್ರೋದ ಮಂಗಳಯಾನವೂ ಇದೇ ಕಾರಣಕ್ಕೆ ಕೆಲವು ದಿನ ಸಂಪರ್ಕ ಇಲ್ಲದೆ ಕಳೆಯಿತು.

ಈ ಬಿಡುವಿನಲ್ಲಿ ಹಳೆಯ ಚಿತ್ರಗಳನ್ನು ಮತ್ತೆ ತೆಗೆದು ನೋಡುವವರೇ ಜಾಸ್ತಿ. ನನಗೆ ಮಾತ್ರ ಬಿಡುವೇ ಒಂದು ಅವಕಾಶ. ಯಾಕೆಂದರೆ ಅಷ್ಟು ದಿನ ರೋವರ್ ನಿಂತಲ್ಲೇ ನಿಂತಿರುತ್ತದೆ. ಬೇರೆ ದಿನಗಳಲ್ಲಿ ಅದು ಮುಂದೆ ಮುಂದೆ ಹೋಗುತ್ತಲೇ ಇರುತ್ತದೆ. ಅದೇ ಮರಳನ್ನು, ಅದೇ ಕೋನದಿಂದ, ಎರಡು ವಾರ ಬಿಟ್ಟು ಮತ್ತೆ ನೋಡುವ ಭಾಗ್ಯ ಸುಲಭಕ್ಕೆ ಸಿಗುವುದಿಲ್ಲ. ಆ ಎರಡು ವಾರದಲ್ಲಿ ಮಂಗಳದ ಗಾಳಿ ಏನು ಮಾಡಿತು ಅಂತ ನಮ್ಮ ಕಣ್ಣಲ್ಲೇ ನೋಡಬಹುದು, ಅಲ್ವಾ?

ತಯಾರಿ ಸಂಪರ್ಕ ನಿಲ್ಲುವ ಮೊದಲೇ ಆಗಬೇಕು. ಕೊನೆಯ ಕೆಲವು ಸೋಲ್‌ಗಳ, ಅಂದರೆ ಮಂಗಳದ ದಿನಗಳ, ಹ್ಯಾಜ್‌ಕ್ಯಾಮ್ ಚಿತ್ರಗಳನ್ನೆಲ್ಲ ಒಂದು ಫೋಲ್ಡರ್‌ಗೆ ಹಾಕಿಕೊಳ್ಳುತ್ತೇನೆ. ಮಾಸ್ಟ್‌ಕ್ಯಾಮ್ ಚಿತ್ರಗಳು ನೋಡಲು ಚೆಂದ, ನಿಜ. ಆದರೆ ಅದು ಕಂಬದ ಮೇಲೆ ತಿರುಗುವ ಕ್ಯಾಮೆರಾ. ಮತ್ತೆ ಅದೇ ಕಡೆಗೇ ತಿರುಗುತ್ತದೆ ಅಂತ ಹೇಳಲಾಗದು. ಹ್ಯಾಜ್‌ಕ್ಯಾಮ್ ರೋವರ್‌ನ ಮೈಗೇ ಕೂರಿಸಿದ್ದು. ರೋವರ್ ಅಲುಗಾಡದಿದ್ದರೆ ಅದರ ನೋಟವೂ ಅಲುಗಾಡುವುದಿಲ್ಲ, ಎರಡು ಚಿತ್ರಗಳು ತಾವಾಗೇ ಒಂದರ ಮೇಲೊಂದು ಕೂರುತ್ತವೆ. 2023ರ ಬಿಡುವಿಗೆ ಮೂರು ದಿನ ಮುಂಚೆ, ನವೆಂಬರ್ 8ರಂದು, ಕ್ಯೂರಿಯಾಸಿಟಿ ತನ್ನ ಹ್ಯಾಜ್‌ಕ್ಯಾಮ್‌ಗಳಿಂದಲೇ ಬೆಳಗಿನಿಂದ ಸಂಜೆಯವರೆಗೆ ಚಿತ್ರ ತೆಗೆಯಿತು. ಅದು ಅದರ 4002ನೇ ಸೋಲ್. 12 ಗಂಟೆಯ ಹಗಲಲ್ಲಿ ರೋವರ್‌ನ ನೆರಳು ನೆಲದ ಮೇಲೆ ಸರಿಯುವುದು ಆ ವಿಡಿಯೋದಲ್ಲಿ ಕಾಣುತ್ತದೆ. ನನ್ನ ಕೆಲಸಕ್ಕೆ ಅದು ಬಂಗಾರ. ಯಾವ ಹೊತ್ತಿಗೆ ನೆರಳು ಎಲ್ಲಿರುತ್ತದೆ ಅನ್ನುವ ಪೂರ್ತಿ ಲೆಕ್ಕ ಒಂದೇ ಕಡೆ ಸಿಕ್ಕಿತು.

ಸಂಪರ್ಕ ನಿಂತ ಮೇಲೂ ಮಂಗಳ ಕಣ್ಣಿಗೆ ಬೀಳುವ ಒಂದು ಜಾಗ ಇದೆ. ಸೋಹೋ ಅನ್ನುವ ನೌಕೆ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಸೂರ್ಯನನ್ನೇ ನೋಡುತ್ತಿರುತ್ತದೆ. ಅದರ ಲ್ಯಾಸ್ಕೋ ಸಿ3 ಕ್ಯಾಮೆರಾ ಸೂರ್ಯನ ಬಿಂಬವನ್ನು ಒಂದು ತಟ್ಟೆಯಿಂದ ಮರೆ ಮಾಡಿ ಅಕ್ಕಪಕ್ಕದ ಆಕಾಶವನ್ನು ತೋರಿಸುತ್ತದೆ. ಆ ಚಿತ್ರಗಳಲ್ಲಿ ನಕ್ಷತ್ರಗಳು ಎಡದಿಂದ ಬಲಕ್ಕೆ ದಿನಕ್ಕೆ ಸುಮಾರು ಒಂದು ಡಿಗ್ರಿಯಂತೆ ಸಾಗುತ್ತವೆ. ಮಂಗಳವೂ ಅದೇ ಕಡೆಗೆ ಹೋಗುತ್ತದೆ, ಆದರೆ ತುಂಬಾ ನಿಧಾನ. ನಕ್ಷತ್ರಗಳ ನಡುವೆ ಸೂರ್ಯ ಸರಿಯುವ ದಿಕ್ಕಿಗೇ ಮಂಗಳವೂ, ಸ್ವಲ್ಪ ನಿಧಾನವಾಗಿ, ಸರಿಯುತ್ತಿರುವುದರಿಂದ ಇಬ್ಬರೂ ಬೇಗ ದೂರವಾಗುವುದಿಲ್ಲ. ಸೂರ್ಯನ ಎರಡು ಡಿಗ್ರಿ ಆಚೆಯಿಂದ ಎರಡು ಡಿಗ್ರಿ ಈಚೆಗೆ ಬರಲು ಅದಕ್ಕೆ ಎರಡು ವಾರ ಬೇಕಾಗುವುದು ಇದಕ್ಕೇ. ಆ ಚುಕ್ಕಿ ತಟ್ಟೆಯ ಮರೆಗೆ ಹೋಗಿ, ಮತ್ತೆ ಈಚೆ ಬಂದಾಗ ನನಗೆ ಆಗುವ ಖುಷಿ ಹೇಳತೀರದು.

ರೋವರ್ ಆ ದಿನಗಳಲ್ಲಿ ಸುಮ್ನೆ ಕೂತಿರುವುದಿಲ್ಲ. ಮೊದಲೇ ಕೊಟ್ಟ ಪಟ್ಟಿಯಂತೆ ಹವಾಮಾನ ಅಳೆಯುತ್ತಿರುತ್ತದೆ. ಸಂಪರ್ಕ ಮರಳಿದ ಮೇಲೆ ಚಿತ್ರಗಳು ಸಾಲಾಗಿ ಬರುವುದಿಲ್ಲ. ಎಷ್ಟೋ ಸಲ ಮೊದಲು ಬೆರಳುಗುರಿನಷ್ಟು ಚಿಕ್ಕ ಪ್ರತಿ ಬಂದು, ದೊಡ್ಡದು ಆಮೇಲೆ ಬರುತ್ತದೆ. ನಾನು ದೊಡ್ಡದಕ್ಕೇ ಕಾಯುತ್ತೇನೆ.

ಹೋಲಿಸುವಾಗ ನೋಡಬೇಕಾದ್ದು ಅಲ್ಲಿನ ಗಡಿಯಾರ. ಹಳೆಯ ಚಿತ್ರ ಮಧ್ಯಾಹ್ನದ್ದು, ಹೊಸದು ಸಂಜೆಯದ್ದಾದರೆ ನೆರಳೇ ಕಣ್ಣು ಕಟ್ಟುತ್ತದೆ. ಪರ್ಸಿವಿಯರೆನ್ಸ್ ಚಿತ್ರಗಳ ಜೊತೆ ಮಂಗಳದ ಸ್ಥಳೀಯ ಸಮಯವನ್ನೂ ಬರೆದಿರುತ್ತಾರೆ, ಹತ್ತಿರದ ಹೊತ್ತಿನ ಎರಡನ್ನು ಆರಿಸಿಕೊಳ್ಳಬಹುದು. ಚಿತ್ರ ತಿದ್ದುವ ಗಿಂಪ್ ತಂತ್ರಾಂಶದಲ್ಲಿ ಎರಡನ್ನೂ ಪದರಗಳಾಗಿ ಇಟ್ಟು, ಮೇಲಿನದನ್ನು ಆನ್, ಆಫ್ ಮಾಡುತ್ತಾ ಹೋಗುತ್ತೇನೆ. ಮೊದಲು ರೋವರ್‌ನ ಹಿಂಬದಿಯ ಹ್ಯಾಜ್‌ಕ್ಯಾಮ್ ಚಿತ್ರದಲ್ಲಿ ಚಕ್ರದ ಅಚ್ಚು ನೋಡುತ್ತೇನೆ. ಚಕ್ರದ ಪಟ್ಟಿಗಳು ಒತ್ತಿದ ಗೆರೆಯ ಅಂಚು ಅಚ್ಚು ಬಿದ್ದ ಹೊಸತರಲ್ಲಿ ಚೂಪಾಗಿರುತ್ತದೆ. ಗಾಳಿ ಆಡಿದ್ದರೆ ಆ ಅಂಚು ಮೆತ್ತಗಾಗಿ, ಗೆರೆಯೊಳಗೆ ಮರಳು ತುಂಬಿರುತ್ತದೆ. ಆಮೇಲೆ ಸಣ್ಣ ಕಲ್ಲುಗಳ ಹಿಂದೆ ಬಾಲದ ಹಾಗೆ ನಿಂತ ಮರಳು.

ಇಲ್ಲೊಂದು ಎಚ್ಚರ ಬೇಕು. ಎರಡು ವಾರದಲ್ಲಿ ಋತು ಸ್ವಲ್ಪ ಮುಂದೆ ಹೋಗಿರುತ್ತದೆ, ಹಾಗಾಗಿ ಅದೇ ಹೊತ್ತಿನಲ್ಲೂ ನೆರಳು ಒಂದು ಕೂದಲೆಳೆ ಸರಿದಿರುತ್ತದೆ. ಅಕ್ಕಪಕ್ಕದ ಕಲ್ಲುಗಳ ನೆರಳೆಲ್ಲ ಒಂದೇ ಕಡೆಗೆ ಸರಿದಿದ್ದರೆ ಅದು ಸೂರ್ಯನ ಕೆಲಸ. ಒಂದೇ ಜಾಗದಲ್ಲಿ ಮಾತ್ರ ಬದಲಾವಣೆ ಕಂಡು, ಪಕ್ಕದ ಕಲ್ಲಿನ ನೆರಳು ಹಾಗೇ ಇದ್ದರೆ ಗಾಳಿಯ ಕೆಲಸ ಅಂತ ಗುರುತು ಹಾಕುತ್ತೇನೆ. ಈ ಜೋಡಿಯನ್ನು ರೋವರ್ ಮತ್ತೆ ಹೊರಡುವ ಮೊದಲೇ ಹಿಡಿಯಬೇಕು. ಚಕ್ರ ಒಂದು ಸುತ್ತು ಉರುಳಿತೆಂದರೆ ಆ ನೋಟ ಮತ್ತೆ ಸಿಗುವುದಿಲ್ಲ.